ಹಿಂದೆ ಹೇಳುವವಳು

ಸಂಗೀತ ಕಲಿಸುವವರಿಗೆ ಮೊದಲು ಕಿವಿ ಇರಬೇಕು ಅಂತಾರೆ. ನನಗೆ ಇದ್ದದ್ದು ಬಾಯಿ. ಆ ಬಾಯಿಂದ ಒಂದು ಮಗುವಿನ ದನಿ ಹೋಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಕನಕಪುರದಿಂದ ಕಬ್ಬಾಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ಒಂದಷ್ಟು ದೂರ ನಡೆದರೆ ಒಂದು ಪ್ರೈಮರಿ ಶಾಲೆ. ಒಂದು ಟ್ರಸ್ಟಿನವರು ವಾರಕ್ಕೆರಡು ದಿನ ನನ್ನನ್ನು ಅಲ್ಲಿಗೆ ಸಂಗೀತ ಪಾಠಕ್ಕೆ ಕಳಿಸುತ್ತಿದ್ದರು. ಫೋನಿನಲ್ಲಿ ಶ್ರುತಿ ಹಾಕಿ ಚಿಕ್ಕ ಸ್ಪೀಕರಿಗೆ ಸಿಕ್ಕಿಸಿ, ಇಪ್ಪತ್ತೆರಡು ಮಕ್ಕಳನ್ನು ಬಿಸಿಯೂಟದ ಅಡುಗೆಮನೆಯ ಮುಂದಿನ ಜಗಲಿಯಲ್ಲಿ ಕೂರಿಸಿ ಹಾಡಿಸುತ್ತಿದ್ದೆ. ಒಳಗೆ ಸಾರಿಗೆ ಒಗ್ಗರಣೆ ಬಿದ್ದ ಕೂಡಲೇ ಅರ್ಧ ತರಗತಿಯ ಮೂಗು ಅತ್ತ ತಿರುಗುತ್ತಿತ್ತು. ಆದರೂ ಮಕ್ಕಳು ಕಲಿಯುತ್ತಿದ್ದರು, ನನಗೂ ಒಳಗೊಳಗೇ ಜಂಬ ಬರುತ್ತಿತ್ತು.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಮಾತ್ರ ತಲೆನೋವಾಗಿದ್ದಳು. ತುಂಬು ದನಿ, ಶ್ರುತಿಗೂ ಸೇರುತ್ತಿತ್ತು. ಆದರೆ ಎಲ್ಲರೊಂದಿಗೆ ಶುರು ಮಾಡುತ್ತಿರಲಿಲ್ಲ, ಎಲ್ಲರೊಂದಿಗೆ ನಿಲ್ಲಿಸುತ್ತಲೂ ಇರಲಿಲ್ಲ. ಉಳಿದವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇವಳು ಆ ಸಾಲಿನ ಕೊನೆಯ ಮಾತನ್ನು ಹಿಡಿದು ಎಳೆಯುತ್ತಿದ್ದಳು. ತಾಳ ಹಾಕಿ ತೋರಿಸಿದೆ, ತೊಡೆ ತಟ್ಟಿಸಿದೆ, ಪಕ್ಕದವಳ ಕೈ ಹಿಡಿಸಿದೆ. ತಲೆಯಾಡಿಸುತ್ತಿದ್ದಳು, ಮತ್ತೆ ಅದೇ ರಾಗ ಅದೇ ಹಾಡು. ಮಂದಬುದ್ಧಿ ಅಂದುಕೊಂಡೆ. ಯಾಕಮ್ಮ ಹಾಗೆ ಹಾಡ್ತೀಯ ಅಂತ ಒಂದು ದಿನವೂ ಕೇಳಲಿಲ್ಲ.

ಒಮ್ಮೆ ಟ್ರಸ್ಟಿನವರಿಗೆ ಮಕ್ಕಳು ಹಾಡುವ ವಿಡಿಯೊ ಬೇಕಾಯಿತು. ಮೂರು ಸಲ ತೆಗೆದೆವು. ಮೂರು ಸಲವೂ ಹಾಡು ಮುಗಿದ ಮೇಲೆ ಇವಳ ದನಿಯೊಂದೇ ಬಾಲದ ಹಾಗೆ ಉಳಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಎರಡು ಗಂಟೆಯ ಬಸ್ಸಿನ ಚಿಂತೆ. ಅವಳನ್ನು ಪಕ್ಕಕ್ಕೆ ಕರೆದು, “ನೀನು ಬರೀ ತುಟಿ ಆಡ್ಸು ಪುಟ್ಟಿ, ದನಿ ಬೇಡ. ನಿನ್ನ ದನಿ ಬಂದ್ರೆ ಎಲ್ಲರದೂ ಕೆಡುತ್ತೆ” ಅಂದೆ. ಸಿಟ್ಟಿನಿಂದಲ್ಲ, ಕೆನ್ನೆ ಸವರಿ ಮುದ್ದಿನಿಂದಲೇ ಹೇಳಿದೆ. ಈಗ ನೆನೆಸಿಕೊಂಡರೆ ಅದೇ ಹೆಚ್ಚು ಅಸಹ್ಯವಾಗುತ್ತದೆ.

“ಸರಿ ಮಿಸ್” ಅಂದಳು. ನಾಲ್ಕನೇ ಸಲ ವಿಡಿಯೊ ಅಚ್ಚುಕಟ್ಟಾಗಿ ಬಂತು. ಟ್ರಸ್ಟಿನವರು ಹೊಗಳಿದರು, ಹೆಡ್‌ಮಾಸ್ಟರು ಅದನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ತಲೆನೋವು ಕಳೆಯಿತೆಂದು ಮುಂದಿನ ತರಗತಿಗಳಲ್ಲೂ ಅವಳನ್ನು ಹಾಗೇ ಬಿಟ್ಟೆ. ಈ ಉಪಾಯ ನಾನು ಕಂಡುಹಿಡಿದದ್ದೇನಲ್ಲ, ಸ್ಕೂಲ್ ಡೇಗೆ ಹಾಡಿಸುವವರು ಎಷ್ಟೋ ಜನ ಮಾಡುತ್ತಾರೆ.

ಎರಡು ತಿಂಗಳ ಮೇಲೆ ಆ ಹುಡುಗಿಯ ಸೋದರತ್ತೆಯ ಮದುವೆಗೆ ನನ್ನನ್ನೂ ಕರೆದರು. ಚಪ್ಪರದ ದಿನವೇ ಹೋದೆ. ಮದುವಣಗಿತ್ತಿಗೆ ಅರಿಶಿನ ಹಚ್ಚುವಾಗ ಹುಡುಗಿಯ ಅಜ್ಜಿ ಸೋಬಾನೆ ಪದ ಎತ್ತಿದರು. ಸೋಬಾನೆ ಒಬ್ಬರು ಹೇಳುವ ಹಾಡಲ್ಲ. ಮುಂದೆ ಹೇಳುವವರು ಒಂದು ಸಾಲು ಹೇಳಿ ಬಿಟ್ಟರೆ, ಹಿಂದೆ ಹೇಳುವವರು ಅದರ ಕೊನೆಯ ಮಾತನ್ನು ಹಿಡಿದು ಎಳೆಯಬೇಕು. ಅವರು ಎಳೆಯುವಷ್ಟು ಹೊತ್ತಿನಲ್ಲಿ ಮುಂದಿನವರು ಉಸಿರು ತೆಗೆದುಕೊಂಡು ಮುಂದಿನ ಸಾಲು ಹುಡುಕಿಕೊಳ್ಳುತ್ತಾರೆ. ಅಜ್ಜಿ ಮೊದಲ ಸಾಲು ಹೇಳಿ ನಿಲ್ಲಿಸಿದರು. ಯಾರೂ ಎತ್ತಿಕೊಳ್ಳಲಿಲ್ಲ. ಎರಡನೇ ಸಾಲಿಗೂ ಇಲ್ಲ. ಅಜ್ಜಿಯ ಮಗ್ಗುಲಲ್ಲಿ ಕೂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಆಡುತ್ತಿತ್ತು, ದನಿಯಿರಲಿಲ್ಲ. ಮೂರನೇ ಸಾಲಿಗೆ ಅಜ್ಜಿಗೆ ದಮ್ಮು ಕಟ್ಟಿತು. ಯಾರೋ ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿದರು.

ಊಟದ ಹೊತ್ತಿಗೆ ಅಜ್ಜಿ ನನ್ನ ಪಕ್ಕ ಬಂದು ಕೂತರು.

“ನನ್ ಜೊತೇಲಿ ಹೇಳೋರು ಮೂರು ಜನ ಇದ್ರು ತಾಯಿ. ಇಬ್ರು ತೀರ್ಕೊಂಡ್ರು, ಇನ್ನೊಬ್ಳು ಮಗಳ ಮನೆ ಸೇರ್ಕೊಂಡ್ಬುಟ್ಳು. ಸೊಸೇರ್ಗೆ ಹೇಳ್ಕೊಡವ ಅಂದ್ರೆ ಬೆಳಿಗ್ಗೇನೇ ಗಾರ್ಮೆಂಟ್ಸ್ ಬಸ್ ಹತ್‌ಬುಡ್ತಾರೆ. ಈ ಕೂಸೇ ನನ್ ಹಿಂದೆ ಹೇಳ್ತಿತ್ತು. ನಾನು ಒಸಿ ಮರ್ತ್ರೂ ಎಳ್ಕಂಡು ನಿಲ್ಸ್‌ಕಳೋಳು. ಈಗ ಏನಾಯ್ತೋ, ದನೀನೇ ಎತ್ತಲ್ಲ. ಕೇಳುದ್ರೆ ಕೆಡ್ತೈತೆ ಅಂತಾಳೆ. ಏನು ಕೆಡ್ತೈತೋ ಹೇಳಲ್ಲ.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮುಂದಿನ ತರಗತಿಯಲ್ಲಿ ಅವಳನ್ನು ಮುಂದೆ ಕೂರಿಸಿಕೊಂಡು, “ಇವತ್ತು ನಿನಗೆ ಹ್ಯಾಗೆ ಬರುತ್ತೋ ಹಾಗೇ ಹಾಡು” ಅಂದೆ. ಬಾಯಿ ತೆರೆದಳು, ಗಾಳಿಯಷ್ಟೇ ಬಂತು. ತಪ್ಪು ನನ್ನದು ಅಂದೆ, ಚಾಕೊಲೇಟು ಕೊಟ್ಟೆ, ನಾನೇ ಒಂದು ಸಾಲು ಹೇಳಿ ಕೊನೆಯ ಮಾತನ್ನು ಅವಳಿಗೆ ಬಿಟ್ಟು ಕಾದೆ. ಪಕ್ಕದವಳು, “ಅವ್ಳು ಹಾಡಂಗಿಲ್ಲ ಮಿಸ್, ನೀವೇ ಹೇಳಿದ್ರಲ್ಲ” ಎಂದು ನನಗೆ ನೆನಪಿಸಿದಳು. ಹೀಗೆ ವರ್ಷವೇ ಮುಗಿಯುತ್ತಾ ಬಂತು. ಕಲಿಸುವುದಕ್ಕೆ ನನಗೆ ನೂರು ದಾರಿ ಗೊತ್ತಿತ್ತು, ಕಲಿಸಿದ್ದನ್ನು ಮರೆಸುವುದಕ್ಕೆ ಒಂದೂ ಗೊತ್ತಿರಲಿಲ್ಲ.

ಅಜ್ಜಿಗೆ ನಿಜವನ್ನಾದರೂ ಹೇಳೋಣವೆಂದು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದ ಅಜ್ಜಿ ಕೈ ಒರೆಸಿಕೊಂಡು ಮಜ್ಜಿಗೆ ಕೊಟ್ಟರು. ನಾನು ಶುರು ಮಾಡುವ ಮೊದಲೇ ಮೊಮ್ಮಗಳನ್ನು ಕರೆದು ಫೋನು ತರಿಸಿ, ಆ ವಿಡಿಯೊ ಹಾಕಿಸಿದರು.

“ದಿನಾ ನೋಡ್ತೀನಿ ತಾಯಿ. ಮನೇಲಿ ಹೇಳ್ದಿದ್ರೆ ಓಗ್ಲಿ, ಇಸ್ಕೂಲಲ್ಲಾದ್ರೂ ಹೇಳ್ತಾವ್ಳಲ್ಲ, ಅಷ್ಟೇ ಸಾಕು. ಆದ್ರೆ ಈ ಫೋನಲ್ಲಿ ಎಲ್ಲಾ ದನೀನೂ ಒಂದೇ ಥರ ಕೇಳ್ತೈತೆ. ಇದ್ರಲ್ಲಿ ಇವ್ಳುದ್ ಯಾವ್ದು, ಒಸಿ ತೋರ್ಸಿ.”

ಪರದೆಯಲ್ಲಿ ಅವಳು ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆಯುತ್ತಿದ್ದಳು. ಹಿಂದೆ ನಿಂತಿದ್ದ ಯಾವಳೋ ಹುಡುಗಿಯ ದನಿ ಸ್ವಲ್ಪ ಮೇಲೆದ್ದಾಗ, “ಇದೇ ಅಜ್ಜಿ, ಇದೇ ಅವಳದು” ಅಂದುಬಿಟ್ಟೆ.

ಅಜ್ಜಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಔದೇನವ್ವ?” ಅಂದರು.

ಹುಡುಗಿ ನನ್ನ ಮುಖ ನೋಡಿದಳು.

“ಹೂಂ ಕಣಜ್ಜಿ” ಅಂದಳು. “ಅದು ನಂದೇಯ.”