ಗೋಡೆಯ ಮೇಲಿನ ಜೀವಂತಿ

ಪುಣೆಯ ಖರಾಡಿಯಲ್ಲಿ ನಾವಿರುವ ಸೊಸಾಯಿಟಿಯಲ್ಲಿ ಮೊನ್ನೆ ಗಿಡಗಳ ಬುಡಕ್ಕೆ ಸುಣ್ಣ ಹಚ್ಚುತ್ತಿದ್ದರು. ಗ್ಯಾಲರಿಯಲ್ಲಿ ಕೂತಿದ್ದ ನನಗೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಹಸಿ ಸುಣ್ಣದ ವಾಸನೆ... ನೀರು ಬಿದ್ದೊಡನೆ ಹರಳು ಬುಸುಗುಟ್ಟಿ ಬಾಯಿ ಬಿಟ್ಟಾಗ ಏಳುತ್ತದಲ್ಲ, ಆ ಬಿಸಿ ವಾಸನೆ. ಮನೆಯೊಳಗೂ ಬಣ್ಣದವರಿದ್ದರು, ಮಗಳು ಗೋಡೆಗಳನ್ನೆಲ್ಲ ಹೊಸದು ಮಾಡಿಸುತ್ತಿದ್ದಳು. ಆದರೆ ಈಗಿನ ಬಣ್ಣಕ್ಕೆ ವಾಸನೆಯೇ ಇಲ್ಲ. ಇಲ್ಲ ಎಂದು ಡಬ್ಬಿಯ ಮೇಲೆ ಬರೆದು ಅದಕ್ಕೊಂದು ಹೆಮ್ಮೆ ಬೇರೆ. ವಾಸನೆಯಿಲ್ಲದ ಬಣ್ಣದಿಂದ ಯಾರ ನೆನಪೂ ಬರುವುದಿಲ್ಲ. ಕೆಳಗಿನ ಸುಣ್ಣ ಮಾತ್ರ ನನ್ನನ್ನು ಎಳೆದುಕೊಂಡು ಹೋಗಿ ಪೇಟೆಯಲ್ಲಿ ಒಂದೊಂದು ಖೋಲಿಗೊಂದು ಬಾಡಿಗೆ ಸಂಸಾರವಿದ್ದ ಆ ಹಳೆಯ ವಾಡೆಯ ಅಂಗಳದಲ್ಲಿ, ಕಾಕುವಿನ ಎದುರು ನಿಲ್ಲಿಸಿತು.

ಕಾಕು ಅಂದರೆ ನಮ್ಮ ಪಕ್ಕದ ಖೋಲಿಯವರು. ಕರೆಯುವುದು ಕಾಕು, ಚಿಕ್ಕಮ್ಮ ಎಂದಾದರೂ ರಕ್ತಸಂಬಂಧವೇನೂ ಇರಲಿಲ್ಲ. ನಾನು ವಿಜಾಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದಾಗ ಇಡೀ ವಾಡೆಯಲ್ಲಿ ಕನ್ನಡ ಆಡುವ ಮನೆಗಳು ಎರಡೇ, ನಮ್ಮದು ಮತ್ತು ಅವರದು. ನಡುವೆ ಒಂದೇ ಗೋಡೆ. ಆ ಕಡೆ ಅವರು ಒಗ್ಗರಣೆ ಹಾಕಿದರೆ ಈ ಕಡೆ ನಾವು ಸೀನುತ್ತಿದ್ದೆವು. ಹೊರಗೆ ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ಎಲ್ಲೆಲ್ಲೂ ಮರಾಠಿ. ನನಗಾಗ ಮರಾಠಿಯ ಗಂಧ ಅಷ್ಟಕ್ಕಷ್ಟೇ. ಅತ್ತೆಗೆ ಹೆದರಿ, ಊರಿಗೆ ಹೆದರಿ ಗುಬ್ಬಿಯ ಹಾಗೆ ಕೂತಿದ್ದ ನನ್ನನ್ನು ಕಾಕು ಗೋಡೆಯಾಚೆಯಿಂದಲೇ ಮಾತಾಡಿಸುತ್ತಿದ್ದರು: "ಏನ್ ಮಾಡಾಕತ್ತೀಯವ್ವಾ? ಅಳಾಕತ್ತೀ ಏನ್? ಉಳ್ಳಾಗಡ್ಡಿ ಹೆಚ್ಚಾಕತ್ತೀನಿ ಅಂತ ಹೇಳು, ನಂಬತೀನಿ."

ಅವರ ಯಜಮಾನರು ರೇಲ್ವೆ ಮಾಲುಗೋದಾಮಿನಲ್ಲಿ ಕಾರಕೂನರು. ಒಬ್ಬನೇ ಮಗ. ನಾನು ಬರುವುದಕ್ಕೆ ಮೊದಲೇ ಅವನು ಫೌಜಿನ ಉಗ್ರಾಣದ ಕೆಲಸ ಹಿಡಿದು ಬ್ರಹ್ಮದೇಶದ ಕಡೆ ಹೋಗಿದ್ದ. ಆಗ ದೊಡ್ಡ ಯುದ್ಧ ನಡೆದಿತ್ತು. ಕಲಕತ್ತೆಯವರೆಗೆ ಅವನ ಸುದ್ದಿ ಇತ್ತು, ಆಮೇಲೆ ಇಲ್ಲ. ಕಾಕು ಅವನ ಬಗ್ಗೆ ಬಹಳ ಹೇಳುತ್ತಿರಲಿಲ್ಲ. ಒಂದೇ ಒಂದು ಮಾತನ್ನು ಮಾತ್ರ ಹಪ್ಪಳ ಲಟ್ಟಿಸುವಾಗ, ಕೌದಿ ಹೊಲಿಯುವಾಗ, ಮತ್ತೆ ಮತ್ತೆ ಹೇಳುತ್ತಿದ್ದರು: "ಟಾಂಗಾ ಏರೂ ಮುಂದ ಹೋಗಿ ಬರ್ತೀನವ್ವಾ ಅಂದ. ನಾ ಹೋಗಿ ಬಾ ಅಂದೆ. ಇಬ್ಬರೂ ಅಂದೀವಿ."

ನಮ್ಮಲ್ಲಿ ಈ ಮಾತಿಗೆ ಇರುವ ತೂಕ ಈಗಿನವರಿಗೆ ಗೊತ್ತಿಲ್ಲ. ಅಕ್ಕಿ ತೀರಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಮನೆಯಿಂದ ಹೊರಟವರು ಹೋಗುತ್ತೇನೆ ಅನ್ನಬಾರದು, ಉಳಿದವರು ಹೋಗು ಅನ್ನಬಾರದು. ದೇವರನ್ನು ಕಳಿಸುವಾಗಲೂ ಅಷ್ಟೇ. ಗಣಪತಿಯಾಗಲಿ ಗೌರಿಯಾಗಲಿ, ಹೋಗಿ ಬಾ ಎಂದೇ ಕಳಿಸಬೇಕು. ಆ ಮಾತು ಬಾಯಿಂದ ಬರದಿದ್ದರೆ ಹೋದದ್ದು ತಿರುಗಿ ಬರುವುದಿಲ್ಲ ಎಂದು ನಮ್ಮ ಹಿರಿಯರ ಭಯ.

ಶ್ರಾವಣ ಬಂತೆಂದರೆ ಕಾಕು ತಮ್ಮ ಖೋಲಿಯ ಗೋಡೆಗೆ, ನಮಗೂ ಅವರಿಗೂ ನಡುವಿನ ಗೋಡೆಗೇ, ಕೆಮ್ಮಣ್ಣು ಕಲೆಸಿ ಜೀವಂತಿಯನ್ನು ಬರೆಯುತ್ತಿದ್ದರು. ಮಕ್ಕಳನ್ನು ಕಾಯುವ ತಾಯಿ ಅವಳು. ಮಡಿಲಲ್ಲೊಂದು ಕೂಸು, ಸುತ್ತ ನಾಲ್ಕಾರು ಮಕ್ಕಳು, ತಲೆಯ ಮೇಲೊಂದು ತೊಟ್ಟಿಲು. ಶುಕ್ರವಾರ ಆರತಿ ಎತ್ತಿ, ಮಕ್ಕಳು ಮನೆಯಲ್ಲಿದ್ದರೆ ಅವರ ತಲೆಯ ಮೇಲೆ, ದೂರವಿದ್ದರೆ ಅವರಿರುವ ದಿಕ್ಕಿಗೆ ಅಕ್ಷತೆ ಒಗೆಯುವುದು ಪದ್ಧತಿ. ಕಾಕು ಮೂಡಣಕ್ಕೆ ಒಗೆಯುತ್ತಿದ್ದರು. ಮೂಡಣಕ್ಕೆ ಇದ್ದದ್ದು ವಾಡೆಯ ಕಟ್ಟಿಗೆಯ ಗೋದಾಮು. ಅಲ್ಲಿನ ಗುಬ್ಬಿಗಳಿಗೆ ಅದು ಒಳ್ಳೆಯ ತಿಂಗಳು.

ತಿಂಗಳು ಮುಗಿದ ಮೇಲೆ ಹಾಲು ಅರಿಷಿಣದಿಂದ ಒರೆಸಿ ಜೀವಂತಿಯನ್ನು ಕಳಿಸಬೇಕು. ಒಂದು ವರ್ಷ ಕಾಕು ಕಳಿಸಲಿಲ್ಲ. "ಅಂವಾ ಬಂದ ಮ್ಯಾಲೆ ಕಳಸ್ತೀನಿ. ಅಲ್ಲೀತನಾ ಇರಲಿ, ಆಕೀಗೇನು ಅವಸರ?" ಅಂದರು. ಭಾದ್ರಪದ ಹೋಯಿತು, ದಸರೆ ಹೋಯಿತು, ಜೀವಂತಿ ಗೋಡೆಯ ಮೇಲೆಯೇ ಇದ್ದಳು.

ದೀಪಾವಳಿಗೆ ಮೊದಲು ವಾಡೆಯ ಮಾಲಕರು ಎರಡು ಕೆಲಸ ಒಟ್ಟಿಗೆ ಹಿಡಿದರು, ಸುಣ್ಣ ಮತ್ತು ಬಿಜಲಿ ದೀಪ. ಸೀಮೆಎಣ್ಣೆ ಸಿಗದೆ ಒದ್ದಾಡುತ್ತಿದ್ದ ಕಾಲವದು. ಬಿಜಲಿ ಬೇಡ ಅನ್ನುವವರು ಯಾರಿದ್ದರು? ಹಿಂದಿನ ದಿನ ಡಂಗುರ ಸಾರಿದ ಹಾಗೆ ಹೇಳಿಹೋದರು: ನಾಳೆ ಖೋಲಿಗಳು ಖಾಲಿ ಇರಬೇಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಬಾಡಿಗೆ ಖೋಲಿಗೆ ಸುಣ್ಣ ಹೊಡೆಸಿ ನೋಡು ಅಂತ ಯಾರೂ ಯಾಕೆ ಹೇಳಲಿಲ್ಲವೋ. ಬೆಳಗಾಗುವುದರೊಳಗೆ ಇಡೀ ವಾಡೆಯ ಹೊಟ್ಟೆ ಹರಿದು ಅಂಗಳಕ್ಕೆ ಬಿದ್ದಿತ್ತು. ಹಾಸಿಗೆ, ಕೌದಿ, ಟ್ರಂಕು, ಒಲೆಯ ಮೇಲಿನ ಮಸಿ ಗಡಿಗೆಗಳು, ಯಾರದೋ ಮುತ್ತಜ್ಜನ ಮುರಿದ ಕುರ್ಚಿ. ಮಂಚದ ಸಂದಿಗಳಿಗೆ ಕುದಿನೀರು ಹೊಯ್ದು ತಿಗಣೆ ಓಡಿಸುವವರು ಒಂದು ಕಡೆ, ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವವರು ಇನ್ನೊಂದು ಕಡೆ. ನಡುವೆ ದೊಡ್ಡ ಪೀಪಾಯಿಯಲ್ಲಿ ಸುಣ್ಣ ಕುದಿಯುತ್ತಿತ್ತು. ನಮ್ಮ ಅತ್ತೆಯವರಿಗೆ, ಅತ್ತಿ ಅನ್ನುತ್ತಿದ್ದೆ ನಾನು, ಉಪ್ಪಿನಕಾಯಿ ಬರಣಿಗಳದೇ ಚಿಂತೆ. ಕೆಲಸದವರ ಕೈ ತಾಗಿದರೆ ಮೈಲಿಗೆ. ಅದಕ್ಕೆ ಅವನ್ನೂ ದೇವರ ಪೆಟ್ಟಿಗೆಯನ್ನೂ ಖೋಲಿಯ ಮೂಲೆಯಲ್ಲೇ ಬಿಟ್ಟು, ನನ್ನನ್ನು ಕಾವಲಿಗೆ ನಿಲ್ಲಿಸಿ ಅಲ್ಲಾಡಬೇಡ ಅಂದಿದ್ದರು. ಅಲ್ಲಾಡದೆ ನಿಂತವಳಿಗೇ ನೀರು ತಾ, ಕಸ ಹೊಡಿ, ಭಕ್ಕರಿ ತಟ್ಟು ಎಂದೂ ಹೇಳುತ್ತಿದ್ದರು.

ಕಾಕು ಸುಣ್ಣದವರ ಹತ್ತಿರ ಮೊದಲೇ ಮಾತಾಡಿ ಆ ಒಂದು ತುಣುಕು ಗೋಡೆ ಬಿಡಿ ಎಂದು ಒಪ್ಪಿಸಿದ್ದರು. ಸುಣ್ಣದವರು ಒಳ್ಳೆಯವರು, ಹೂಂ ಅಂದರು. ಆದರೆ ಬಿಜಲಿ ತಂತಿಯವನ ಕಥೆ ಬೇರೆ. ತಂತಿ ನಮ್ಮ ಖೋಲಿಯಿಂದ ಅವರ ಖೋಲಿಗೆ ಗೋಡೆ ತೂರಿ ಹೋಗಬೇಕಿತ್ತು. ಮೇಲೆ ತೊಲೆ, ಕೆಳಗೆ ಕಲ್ಲು. ಅವನು ನಮ್ಮ ಕಡೆಯಿಂದ ಅಳತೆ ಹಿಡಿದು ಗುರುತು ಮಾಡಿದ ಜಾಗ ಆಚೆ ಸರಿಯಾಗಿ ಜೀವಂತಿಯ ಮಡಿಲಿಗೆ ಬರುತ್ತಿತ್ತು.

ಕಾಕು ಕೈ ಮುಗಿದರು. ಸ್ವಲ್ಪ ಆಚೆ ಸರಿಸಪ್ಪಾ ಎಂದು ಮರಾಠಿಯಲ್ಲಿ ಬೇಡಿದರು. ಅವನೂ ಕೆಟ್ಟವನಲ್ಲ. ತೊಲೆಗೆ ಬಡಿದು ತೋರಿಸಿದ, ಕಲ್ಲಿಗೆ ಬಡಿದು ತೋರಿಸಿದ. "ಬಾಯಿ, ಮೀ ಕಾಯ್ ಕರೂ?" ಅಂದ. ನಾನೇನು ಮಾಡಲಿ ತಾಯೀ ಅಂತ. ಅವನ ಮಾತೂ ನಿಜವೇ. ಈ ಗೋಡೆ ಬೇಡವೆಂದರೆ ಆಚೆಯ ಸಾಲಿಗೂ ದೀಪವಿಲ್ಲ. ಆಗಲೇ ಆ ಸಾಲಿನ ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು. ಕಾಕು ಎಲ್ಲರ ಮುಖ ನೋಡಿದರು. ಅಷ್ಟರಲ್ಲಿ ನಲ್ಲಿ ಬಂತೆಂದು ಯಾರೋ ಕೂಗಿದರು. ನಲ್ಲಿಗೆ ಯಾರ ದುಃಖವೂ ತಿಳಿಯುವುದಿಲ್ಲ, ಬಂದಾಗ ಹಿಡಿಯಬೇಕು. ಕಾಕು ಕೊಡ ಎತ್ತಿಕೊಂಡು ಹೋದರು.

ಅವರು ಅತ್ತ ಹೋದೊಡನೆ ಅತ್ತಿ ನನ್ನನ್ನು ಕಾಕುವಿನ ಖೋಲಿಯೊಳಗೆ ಕರೆದರು. "ಹಾಲಿನ ಬಟ್ಟಲಾ ತಗೊಂಡ ಬಾ. ಕೆಲಸದವನ ಉಳಿ ದೇವರ ಮೈಗೆ ಬಡಿಯೂದು ನೋಡ್ಕೋತ ಕೂಡಬೇಕೇನ್? ನಾವಽ ಮರ್ಯಾದಿಲೆ ಕಳಿಸಿಬಿಡೂಣು."

"ಅತ್ತೀ, ಕಾಕು ಬರಲ್ರೀ..." ಅಂದೆ.

"ಆಕೀ ಕೈಲೆ ಆಗ್ತದೇನ ಅದು? ಹೆತ್ತ ಕರಳು. ನನ್ನ ಕೈಲೆ ಆಗಲಿ."

ಇದರಲ್ಲಿ ಒಂದು ಹುಲ್ಲುಕಡ್ಡಿಯಷ್ಟೂ ಕೆಟ್ಟತನವಿರಲಿಲ್ಲ. ಅತ್ತಿ ಮಡಿಯಲ್ಲಿದ್ದರು, ಮುತ್ತೈದೆ, ಹಿರಿಯರು. ಮಾಡಿದ್ದೆಲ್ಲ ಶಾಸ್ತ್ರದ ಪ್ರಕಾರವೇ. ಬೆಲ್ಲ ಇಟ್ಟರು, ಅಕ್ಷತೆ ಹಾಕಿದರು, ಹತ್ತಿಯನ್ನು ಹಾಲಲ್ಲಿ ಅದ್ದಿ ಜೀವಂತಿಯ ಪಾದದಿಂದ ಒರೆಸುತ್ತಾ ಬಂದರು. ಬಟ್ಟಲು ಹಿಡಿದು ನಾನು ಪಕ್ಕದಲ್ಲಿದ್ದೆ. ಕೆಮ್ಮಣ್ಣು ಹಾಲಿನೊಡನೆ ಗೋಡೆಗುಂಟ ಕೆಳಗಿಳಿಯಿತು. ಮಕ್ಕಳು ಹೋದವು, ತೊಟ್ಟಿಲು ಹೋಯಿತು, ಕೊನೆಗೆ ಮಡಿಲಿನ ಕೂಸು. ಆ ಹೊತ್ತಿಗೆ ಸರಿಯಾಗಿ ತಂತಿಯವನು ನಮ್ಮ ಖೋಲಿಯೊಳಗಿಂದ ಉಳಿಗೆ ಸುತ್ತಿಗೆಯ ಪೆಟ್ಟು ಹಾಕಿದ. ಗೋಡೆ ನಡುಗಿ ಮೇಲಿನಿಂದ ಮಣ್ಣು ಉದುರಿ ಹಾಲಿನ ಬಟ್ಟಲಿಗೆ ಬಿತ್ತು. ಅತ್ತಿ "ಥಾಂಬಾ! ಥಾಂಬಾ!", ನಿಲ್ಲಿಸು ನಿಲ್ಲಿಸು, ಎಂದು ಕೂಗುತ್ತಾ ಆಚೆ ನಮ್ಮ ಖೋಲಿಗೆ ಓಡಿದರು. ಅಲ್ಲಿ ಅವನನ್ನು ಬೈದು, ನಮ್ಮ ದೇವರ ಪೆಟ್ಟಿಗೆಯ ಮೇಲೆ ಬಿದ್ದ ಮಣ್ಣು ಝಾಡಿಸಿ, ಬರಣಿಗಳ ಮೇಲೆ ಸೀರೆ ಮುಚ್ಚಿ ಅವರು ತಿರುಗಿ ಬರುವುದಕ್ಕೂ ಕಾಕು ಕೊಡ ಹೊತ್ತು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

ಕಾಕು ಗೋಡೆ ನೋಡಿದರು. ಒದ್ದೆ ಕಲೆ, ಕೆಳಗೆ ನೆಲದಲ್ಲಿ ಕೆಂಪು ಹಾಲು. ಕೊಡ ಇಳಿಸುವುದನ್ನೂ ಮರೆತು ನಿಂತರು. ಅತ್ತಿಯೇ ಮಾತು ತೆಗೆದರು: "ಉಳಿ ಬಡಿಯೂಕಿಂತಾ ಮೊದಲಽ ಕಳಿಸಿದೆ ತಂಗೀ. ಹಾಲು ಬೆಲ್ಲ ಕೊಟ್ಟಽ ಕಳಿಸೀನಿ."

ಕಾಕು ಸಿಟ್ಟಾಗಲಿಲ್ಲ. ಸಿಟ್ಟಾಗಲು ಅಲ್ಲಿ ಏನಿತ್ತು? ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳಿದರು. "ಹೋಗಿ ಬಾ ಅಂದ್ರಿ ಹೌದಲ್ರೀ, ಅಕ್ಕಾರ?"

ಅತ್ತಿ ಒಮ್ಮೆ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಮಣ್ಣು ಬಿದ್ದ ಬಟ್ಟಲು ಇನ್ನೂ ಇತ್ತು. ಆ ಮಾತು ಅವರ ಬಾಯಿಂದ ಬಂದಿರಲಿಲ್ಲ. ಬರುವುದರೊಳಗೆ ಸುತ್ತಿಗೆ ಬಿದ್ದಿತ್ತು.

"ಅಂದೆ," ಅಂದರು ಅತ್ತಿ.

"ಹಂಗಾದ್ರ ಆತು ಬಿಡ್ರಿ," ಎಂದು ಕಾಕು ಕೊಡ ಇಳಿಸಿ, ನೆಲದ ಹಾಲನ್ನು ಒರೆಸಲು ಕೂತರು.

ಸಂಜೆಗೆ ದೀಪ ಹತ್ತಿತು. ಇಡೀ ವಾಡೆ ಹೋ ಎಂದಿತು. ಗೋಡೆಗಳೆಲ್ಲ ಬೆಳ್ಳಗೆ, ಕಾಕುವಿನ ಗೋಡೆಯಲ್ಲಿ ಜೀವಂತಿಯ ಮಡಿಲಿದ್ದ ಜಾಗಕ್ಕೆ ದೀಪದ ಒಂದು ಕಪ್ಪು ಬಟನ್. ಅತ್ತಿ ಹಿಟ್ಟಿನ ಸಾಣಿಗೆ ತಿರುಗಿ ಕೊಡುವ ನೆಪ ಮಾಡಿಕೊಂಡು ಅವರ ಖೋಲಿಗೆ ಹೋದರು. ನಾನು ಬಾಗಿಲಲ್ಲಿದ್ದೆ. ಕಾಕು ಒಳಗೆ ತಿರುಗಿದಾಗ ಅತ್ತಿ ಆ ಬಟನ್ನಿನ ಎದುರು ನಿಂತು ತುಟಿ ಅಲ್ಲಾಡಿಸಿದರು. ಏನು ಹೇಳಿದರೆಂದು ನನಗೆ ಗೊತ್ತು. ಆದರೆ ಹೋದವರ ಬೆನ್ನಿಗೆ ತಡವಾಗಿ ಹೇಳಿದ ಮಾತು ಮುಟ್ಟುತ್ತದೆಯೇ? ಭಟ್ಟರನ್ನು ಕೇಳಬಹುದಿತ್ತು, ಕೇಳಿದರೆ ಊರಿಗೆಲ್ಲ ತಿಳಿಯುತ್ತಿತ್ತು. ನಾನೂ ಅತ್ತಿಯೂ ಆ ವಿಷಯವನ್ನು ಒಬ್ಬರೊಡನೊಬ್ಬರು ಕೂಡ ಆಡಲಿಲ್ಲ. ಅತ್ತಿ ಅದಾದ ಮೇಲೆ ನನಗೆ ಬೈಯುವುದನ್ನು ಬಿಟ್ಟುಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಮುಂದಿನ ಶ್ರಾವಣಕ್ಕೆ ಕಾಕು ಬೇರೆ ಗೋಡೆಗೆ ಜೀವಂತಿಯನ್ನು ಬರೆದರು, ಮೂಡಣಕ್ಕೆ ಅಕ್ಷತೆ ಒಗೆದರು. ಯುದ್ಧ ಮುಗಿಯಿತು. ಪೇಟೆಯಿಂದ ಹೋಗಿದ್ದ ಹುಡುಗರಲ್ಲಿ ಕೆಲವರು ತಿರುಗಿ ಬಂದರು, ಅವನು ಬರಲಿಲ್ಲ. ಇಲ್ಲ ಎಂದೂ ಯಾರೂ ಹೇಳಲಿಲ್ಲ. ಆಮೇಲಿನ ಶ್ರಾವಣದಲ್ಲಿ ಕಾಕು ನಾಲ್ಕೂ ದಿಕ್ಕಿಗೆ ಅಕ್ಷತೆ ಒಗೆಯತೊಡಗಿದರು. ಯಾಕ್ರೀ ಕಾಕು ಎಂದು ನಾನು ಕೇಳಿರಲಿಲ್ಲ, ಅವರೇ ಹೇಳಿದರು: "ಎಲ್ಲಿ ಅದಾನೋ ಏನೋ, ಯಾವ ದಿಕ್ಕು ಅಂತ ಹಿಡೀಲೆವ್ವಾ?" ಅತ್ತಿ ಅಲ್ಲಿಯೇ ಇದ್ದರು. ಎದ್ದು ಹೊರಗೆ ಹೋದರು.

ಯಜಮಾನರ ನೌಕರಿ ಮುಗಿದ ಮೇಲೆ ಅವರಿಬ್ಬರೂ ಇಂದಾಪುರದ ಕಡೆ ಮೈದುನನ ಊರಿಗೆ ಹೊರಟರು. ಟಾಂಗಾ ವಾಡೆಯ ಬಾಗಿಲಿಗೆ ಬಂದು ನಿಂತಿತು. ಕಾಕು ನನ್ನ ಗಲ್ಲ ಸವರಿ, ಅತ್ತಿಯ ಕಾಲಿಗೆ ಬಿದ್ದು, ಹೋಗಿ ಬರ್ತೀನ್ರಿ ಅಂದರು. ಅತ್ತಿ ಹೊಸ್ತಿಲ ಮೇಲೆ ನಿಂತು ಅವರ ಕೈ ಹಿಡಿದರು. "ಹೋಗಿ ಬಾ ತಂಗೀ," ಅಂದರು. ಟಾಂಗಾದಲ್ಲಿ ಕೂತಾಗ ಮತ್ತೆ, "ಹೋಗಿ ಬಾ." ಕುದುರೆ ಹೆಜ್ಜೆ ಕಿತ್ತಾಗ ಮತ್ತೆ, ಈ ಸಲ ಕೂಗಿಯೇ, "ಹೋಗಿ ಬಾರವ್ವಾ, ಹೋಗಿ ಬಾ!"

ಕಾಕು ತಿರುಗಿ ನೋಡಿ ನಕ್ಕರು. "ಒಮ್ಮೆ ಅಂದ್ರ ಸಾಕಲ್ರೀ, ಅಕ್ಕಾರ!"

ಅತ್ತಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ಕಾಕು ಮತ್ತೆ ಬರಲಿಲ್ಲ. ಅಲ್ಲಿಯೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಆ ಹೊತ್ತಿಗೆ ಅತ್ತಿಯೂ ಇರಲಿಲ್ಲ...

ಇಂದು ಸಂಜೆ ಬಣ್ಣದವರ ಕೆಲಸ ಮುಗಿಯಿತು. ಹುಡುಗರು ಏಣಿ ಹೊತ್ತು ಹೊರಟಾಗ ನನ್ನ ಬಾಯಿಂದ ತಾನಾಗಿಯೇ ಬಂತು, ಹೋಗಿ ಬರ್ರೆಪ್ಪಾ. ಮಗಳು ಮರಾಠಿಯಲ್ಲಿ ತಿಳಿಸಿದಳು. ಅವರಲ್ಲೊಬ್ಬ ನಕ್ಕ: "ಆಜೀ, ಕಾಮ್ ಸಂಪಲಂ. ಪರತ್ ಕಶಾಲಾ?" ಕೆಲಸ ಮುಗಿಯಿತಲ್ಲ ಅಜ್ಜಿ, ಮತ್ತೆ ಬರುವುದು ಯಾತಕ್ಕೆ ಎಂದು. ಲಿಫ್ಟಿನ ಬಾಗಿಲು ಮುಚ್ಚಿತು.

ನಾನು ಒಳಗೆ ಬಂದೆ. ಗೋಡೆಗಳು ಖಾಲಿ ಇದ್ದವು, ವಾಸನೆಯೂ ಇಲ್ಲದೆ. ಕಾಕುವಿನ ಆ ಮಗನ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ. ಅವನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಅವತ್ತು ಹಾಲಿನ ಬಟ್ಟಲು ಹಿಡಿದು ನಿಂತಿದ್ದ ನಾನೊಬ್ಬಳು ಇದ್ದೇನೆ. ಗೋಡೆಯ ಮೇಲೆ ಕೈಯಿಟ್ಟು, ಅತ್ತಿ ಹೇಳದೆ ಉಳಿಸಿದ್ದನ್ನು ಹೇಳಿದೆ.

"ಯಾರಿಗೆ ಹೋಗಿ ಬಾ ಅಂತೀ, ಅವ್ವಾ?" ಎಂದು ಮಗಳು ಅಡಿಗೆಮನೆಯಿಂದ ಕೇಳಿದಳು.

"ಬಣ್ಣದವರಿಗೆ," ಅಂದೆ.