ಹಿತ್ತಾಳೆ ಕಾರುವ ಪ್ರಿಂಟರು

ಗೆಳೆಯರೇ, ನಮ್ಮನೆಯ ಕಲರ್ ಲೇಸರ್ ಪ್ರಿಂಟರನ್ನು ಇವತ್ತು ಒಡೆದು ಹಾಕುವುದೊಂದು ಬಾಕಿ ಇತ್ತು. ಅಪ್ಪ ಅಕ್ಕಸಾಲಿ, ಡಿಸೈನು ಪ್ರಿಂಟ್ ತೆಗೆದುಕೊಡುವುದು ನನ್ನ ಕೆಲಸ. ಮಾಕವಳ್ಳಿಯ ಹೆಂಗಸೊಬ್ಬರು ಮಗಳ ಮದುವೆಗೆ ಹಾರ ಮಾಡಿಸಲು ಬಂದಿದ್ದರು. ಕಂಪ್ಯೂಟರಿನಲ್ಲಿ ಚಿನ್ನದಂತೆ ಹೊಳೆಯುತ್ತಿದ್ದ ಡಿಸೈನು ಕಾಗದದ ಮೇಲೆ ಹಸಿರು ಹಸಿರಾಗಿ ಬಂತು.

"ಇದೇನಪ್ಪಾ, ಇತ್ತಾಳೆ ಚೊಂಬು ಇದ್ದಂಗದೆ!" ಅಂದರು ಆಯಮ್ಮ.

ಹಳದಿ ಏರಿಸಿದೆ, ಅರಿಶಿನ ಬಳಿದ ಹಾಗಾಯಿತು. ಕೆಂಪು ಏರಿಸಿದೆ, ತಾಮ್ರವಾಯಿತು. ಆಯಮ್ಮ "ಬ್ಯಾರೆ ಕಡೆ ನೋಡ್ತೀನಿ ಬುಡಿ" ಎಂದು ಎದ್ದೇಬಿಟ್ಟರು.

ಅಪ್ಪ ಒಡವೆ ಸುತ್ತಿಕೊಡುವ ಗುಲಾಬಿ ಕಾಗದವೊಂದನ್ನು ನನ್ನತ್ತ ಎಸೆದರು. "ಇದ್ರಲ್ಲಿ ತೆಗಿಲಾ."

"ತೆಳ್ಳಗದೆ, ಒಳ್ಗೇ ಸಿಕ್ಕಾಕತ್ತದೆ ಕಣಪ್ಪೋ!"

"ಆಕ್ಲಾ ಅಂದ್ರೆ!"

ಮೊದಲಿನ ಸೆಟ್ಟಿಂಗಿನಲ್ಲೇ ಹಾಕಿದೆ. ಕೆಂಡದಿಂದ ಈಗಷ್ಟೇ ತೆಗೆದ ಚಿನ್ನದ ಹಾಗೆ ಹಾರ ಹೊರಬಂತು. ಆಯಮ್ಮ ಮತ್ತೆ ಕೂತರು. "ಇಂಗೇ ಮಾಡ್ಕೊಡಿ" ಅಂದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. "ನಿಂಗೆಂಗ್ ಗೊತ್ತಾಯ್ತು?" ಎಂದು ಅಪ್ಪನನ್ನು ಕೇಳಿದೆ.

"ಗೊತ್ತಾಗಕೆ ಏನದೆ? ಚಿನ್ನಾನ ಬಿಳಿ ಕಾಗ್ದದಲ್ಲಿ ಯಾರ್ಲಾ ಇಟ್ಟವ್ರೆ?"

ಪ್ರಿಂಟರಿನ ಸೆಟ್ಟಿಂಗನ್ನೆಲ್ಲಾ ಜಾಲಾಡಿದೆ, ಈ ಗುಲಾಬಿ ಕಾಗದದ ಗುಟ್ಟು ಎಲ್ಲೂ ಇಲ್ಲ. ಗೊತ್ತಿದ್ದವರು ಹೇಳಿ.