ಹುರುಳಿಯ ಮೇಲಿಟ್ಟ ಕಲ್ಲು

ಕಬ್ಬಿನ ಟ್ರೈಲರನ್ನು ಮಾರಮ್ಮ ತಡೆದಳು ಎಂದು ನಮ್ಮೂರು ಹೇಳುತ್ತದೆ. ಸರಿ, ತಡೆದಳು. ಹಾಗಾದರೆ ಒಂದು ಗೇಣು ಜಾರಲು ಯಾಕೆ ಬಿಟ್ಟಳು? ನಾನು ಹೀಗೆ ಕೇಳಿದಾಗ ಅಜ್ಜಿ ತಲೆ ಕೂಡ ಎತ್ತದೆ, “ನಿನ್ ಬಾಯ್ಗೆ ಬುದ್ದಿ ಬರ್ಲಿ ಅಂತ ಕಣಮ್ಮಿ” ಅಂದಳು.

ಬಸರಾಳು ರಸ್ತೆಯ ಇಳಿಜಾರಿನಲ್ಲಿ ಮಾವನ ಟ್ರೈಲರ್ ನಿಂತಿತ್ತು, ಮೇಲೆ ತುಂಬ ಕಬ್ಬು. ಅಡಿಯ ಸ್ಪ್ರಿಂಗ್ ಪಟ್ಟಿ ಮುರಿದಿತ್ತು. ಹೊಸದನ್ನು ತರಲು ಟ್ರ್ಯಾಕ್ಟರ್ ಬಿಚ್ಚಿ ಕಳಿಸುವ ಮೊದಲು ಮಾವ ಚಕ್ರಕ್ಕೆ ಕೊಡಲು ಕಲ್ಲು ತಂದ. ಅದೇ ರಸ್ತೆಯ ಮೇಲೆ ಅಜ್ಜಿ ಹುರುಳಿ ಗಿಡ ಹರಡಿದ್ದಳು. ಬಸ್ಸು ಲಾರಿ ಹತ್ತಿ ಹತ್ತಿ ಒಕ್ಕಣೆ ಆಗಲಿ ಎಂದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವೇ. ಕಲ್ಲಿಡುವ ಜಾಗ ಗುಡಿಸಲು ಮಾವ ಪೊರಕೆಗೆ ಕೈಹಾಕಿದ್ದೇ ತಡ, ಅವಳು ಕೂಗಿದಳು: “ಗುಡ್ಸಬ್ಯಾಡ ಕಣ್ಲಾ, ಕಾಳೆಲ್ಲ ಚರಂಡಿ ಪಾಲಾಯ್ತದೆ!”

ಮಾವ ಪೊರಕೆ ಬಿಟ್ಟು, ಕಲ್ಲನ್ನು ಹಾಗೇ ಚಕ್ರಕ್ಕೆ ಕೊಟ್ಟು ನನ್ನ ಕಡೆ ತಿರುಗಿದ. “ಇದೊಂದೇ ಕಲ್ಲು ಸಾಕಾ ಅಮ್ಮಿ?”

ನನಗೆ ಚರ್ಚಾಸ್ಪರ್ಧೆಯ ಬಹುಮಾನ ಆ ವಾರವಷ್ಟೇ ಬಂದಿತ್ತು. “ಸಾಕು ಬುಡು ಮಾವ. ಭಾರ ಜಾಸ್ತಿ ಆದಷ್ಟೂ ಕಲ್ಲು ರೋಡ್ನ ಕಚ್ಕತದೆ. ಘರ್ಷಣೆ ಅನ್ನೋದು ಅದ್ನೇ.”

“ಪ್ರೈಜ್ ತಕಂಡೋಳು ಯೋಳವ್ಳೆ ಅಂದ್ಮೇಲೆ ಇನ್ನೇನು!” ಟ್ರ್ಯಾಕ್ಟರ್ ಕಳಿಸಿ, ನಗುತ್ತಾ ಟ್ರೈಲರಿನಡಿ ತೂರಿದ.

ನಿಯಮ ಸುಳ್ಳಲ್ಲ. ಆದರೆ ಆ ಕಲ್ಲು ರಸ್ತೆಯನ್ನು ಮುಟ್ಟಿಯೇ ಇರಲಿಲ್ಲ. ನಡುವೆ ನುಣುಪು ಕಾಳುಗಳಿದ್ದವು. ಮೊದಲು ಸದ್ದು ಬಂತು, ಒಣ ಸಿಪ್ಪೆ ಸಿಡಿಯುವಂಥದ್ದು. ಆಮೇಲೆ ಕಲ್ಲು, ಅದರ ಬೆನ್ನಿಗೆ ಚಕ್ರ, ಯಾವ ಅವಸರವೂ ಇಲ್ಲದೆ ಹೊರಟವು. ವಾದಕ್ಕೆ ನಿಂತರೆ ನಿಲ್ಲದ ನನ್ನ ಬಾಯಿಗೆ ಒಂದು ಕೂಗೂ ಬರಲಿಲ್ಲ. ಕಾಳು ಮುಗಿದು ಬರೀ ಟಾರು ಸಿಕ್ಕಲ್ಲಿ ಕಲ್ಲು ಕರ್ರೆಂದು ಕಚ್ಚಿ ನಿಂತಿತು.

ಮಾವನ ಅಂಗಿಯ ತುದಿ ಚಕ್ರದಡಿ ಇತ್ತು. ಹರಿದುಕೊಂಡು ಆಚೆ ಬಂದ. ಅಜ್ಜಿ ಮಾರಮ್ಮನಿಗೆ ಕಾಯಿ ಒಡೆಸಿದಳು. ನಾನು ಹೇಳಿದ ಮಾತನ್ನು ಯಾರೂ ಎತ್ತಲಿಲ್ಲ. ಪೊರಕೆಯ ಮಾತನ್ನೂ ಎತ್ತಲಿಲ್ಲ. ದೇವರು ಕಾಪಾಡಿದ ಮೇಲೆ ತಪ್ಪು ಯಾರದೆಂದು ಹುಡುಕುವವರು ಯಾರು?

ಮೊನ್ನೆ ಮತ್ತೆ ಹುರುಳಿ ಹರಡಿತ್ತು. ಅದೇ ಇಳಿಜಾರು, ಅದೇ ಟ್ರೈಲರ್, ಅದೇ ಒಂಟಿ ಕಲ್ಲು. ಮಾವನ ಎರಡು ಪಾದ ಮಾತ್ರ ಹೊರಗೆ. ಈ ಸಲ ಅವನು ನನ್ನನ್ನೇನೂ ಕೇಳಿರಲಿಲ್ಲ, ಮಾರಮ್ಮ ಇದ್ದಳಲ್ಲ. ನಾನು ಇನ್ನೊಂದು ಕಲ್ಲು ಹುಡುಕಿ ತರುವಷ್ಟರಲ್ಲಿ ಎಲ್ಲೋ ಒಂದು ಸಿಪ್ಪೆ ಸಿಡಿಯಿತು. ಅಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು.

ನಾನು ಕೂಗಿದೆ: “ಮಾವ, ಕಲ್ಲಿನಡಿ ಗುಡ್ಸಿದ್ದೀಯಾ?”